ಒಣದ್ರಾಕ್ಷಿಯ ಸೋಡಾ ಬ್ರೆಡ್ ಮಾಡಿದೆ, ಸಾಬೂನು ತಿಂದಂತಾಯಿತು. ಎಲ್ಲಿ ತಪ್ಪಿದೆ?

ಕೌಲ್‌ಬಜಾರಿನ ಒಲೆ (ಬಳ್ಳಾರಿ)

ನನ್ನ ತಮ್ಮ ನೌಕರಿಯ ಮೇಲೆ ಐರ್ಲೆಂಡಿನ ಕಾರ್ಕ್‌ನಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದವನು ಅಲ್ಲಿನ ಸೋಡಾ ಬ್ರೆಡ್ಡನ್ನು ಹೊಗಳಿದ್ದೇ ಹೊಗಳಿದ್ದು. ಯೀಸ್ಟ್ ಬೇಡ, ಹಿಟ್ಟು ಹುದುಗಲಿ ಎಂದು ಕಾಯುವುದು ಬೇಡ. ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ, ನಾಲ್ಕೇ ಸಾಮಾನು. ಅದಕ್ಕೆ ಒಣದ್ರಾಕ್ಷಿ, ಒಂದಿಷ್ಟು ಸಕ್ಕರೆ ಬಿದ್ದರೆ ಹೆಸರೇ ಬದಲಾಗುತ್ತದಂತೆ. ಕೆಲವರಿಗೆ ಅದು ‘ಸ್ಪಾಟೆಡ್ ಡಾಗ್’, ಅಂದರೆ ಚುಕ್ಕೆ ನಾಯಿ. ಇನ್ನು ಕೆಲವರಿಗೆ ‘ರೈಲ್ವೆ ಕೇಕ್’. ಮೊದಲನೆಯ ಹೆಸರು ಕೇಳಿದ ನಮ್ಮ ಅತ್ತೆ, ‘ನಾಯಿಯ ಹೆಸರಿಟ್ಟದ್ದನ್ನು ನಾನು ಬಾಯಿಗೆ ಹಾಕುವವಳಲ್ಲ’ ಎಂದು ಅಲ್ಲಿಗೇ ಮಾತು ಮುಗಿಸಿದರು.

ಮೊನ್ನೆ ಭಾನುವಾರ ಧೈರ್ಯ ಮಾಡಿದೆ. ನಮ್ಮ ಮನೆಯಲ್ಲಿ ಸೋಡಾದ ಡಬ್ಬಿ ಕೆಳಗಿಳಿಯುವುದು ಮಿರ್ಚಿ ಕರಿಯುವ ದಿನ ಮಾತ್ರ. ಯೀಸ್ಟ್ ಇಲ್ಲದ ಮೇಲೆ ಸೋಡಾ ಧಾರಾಳವಾಗಿಯೇ ಇರಬೇಕು ಎಂದುಕೊಂಡು, ಎರಡು ಬಟ್ಟಲು ಚಪಾತಿ ಹಿಟ್ಟಿಗೆ ಎರಡು ಚಮಚ ತುಂಬಿ ಹಾಕಿದೆ. ಬೆಳಿಗ್ಗೆಯಷ್ಟೇ ಹೆಪ್ಪಾದ ಸಿಹಿ ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡಿಕೊಂಡೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ನೆನೆಯಲು ಬಿಟ್ಟೆ. ನಂತರ ಒಟಿಜಿಯಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್ನಿನಲ್ಲಿ, 180 ಡಿಗ್ರಿ, 40 ನಿಮಿಷ.

ಹೊರಗೆ ಕಂದು, ಒಳಗೆ ಅರಿಶಿನ ಹಚ್ಚಿದಂಥ ಹಳದಿ. ಕತ್ತರಿಸಲು ಈಳಿಗೆಮಣೆಯೇ ಬೇಕಾಯಿತು. ಮೇಲಿದ್ದ ದ್ರಾಕ್ಷಿಗಳೆಲ್ಲ ಸುಟ್ಟು ಕರಿ ಮೆಣಸಾಗಿದ್ದವು. ರುಚಿ ಮಾತ್ರ ಅಪ್ಪಟ ಸಾಬೂನು. ತಿಂದ ನನ್ನ ಮಗ ‘ಅಮ್ಮಾ, ಕೈ ತೊಳೆಯುವುದಕ್ಕೆ ಮುಂಚೆ ತಿನ್ನಬೇಕೋ, ತೊಳೆದ ಮೇಲೋ?’ ಎಂದ. ಬಲ್ಲವರು ತಿದ್ದಿ.

ಬೆಣ್ಣೆಬಿಸ್ಕತ್ತು (ಗಂಗಾವತಿ)

ಅಕ್ಕ, ನಾನು ಬೇಕರಿ ನಡೆಸುವವನು. ಮೊದಲೇ ಹೇಳಿಬಿಡುತ್ತೇನೆ, ಯೀಸ್ಟ್ ಇಲ್ಲದ್ದನ್ನು ಬ್ರೆಡ್ ಎಂದು ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ. ಆದರೂ ಗಟ್ಟಿಯಾದದ್ದರ ಕಾರಣ ಗೊತ್ತಿದೆ. ನೀವು ಚಪಾತಿ ಹಿಟ್ಟು ನಾದಿದಿರಿ. ನಾದಿದಷ್ಟೂ ಗೋಧಿಯ ಅಂಟು, ಅಂದರೆ ಗ್ಲುಟೆನ್, ಜೀವ ಹಿಡಿದು ರಬ್ಬರಿನಂತಾಗುತ್ತದೆ. ಯೀಸ್ಟ್ ನಿಧಾನವಾಗಿ ಗಂಟೆಗಟ್ಟಲೆ ಗಾಳಿ ತುಂಬುತ್ತದೆ, ಅದಕ್ಕೆ ಆ ರಬ್ಬರು ಬೇಕು. ಸೋಡಾದ್ದು ಒಂದೇ ಉಸಿರು, ಅದಕ್ಕೆ ರಬ್ಬರನ್ನು ಹಿಗ್ಗಿಸುವ ಶಕ್ತಿ ಇಲ್ಲ. ಹಿಟ್ಟು ಒಂದುಗೂಡಿತು ಎನ್ನುವಷ್ಟರಲ್ಲಿ ಕೈ ತೆಗೆಯಬೇಕು. ಮುದ್ದೆ ಒರಟಾಗಿ, ಸ್ವಲ್ಪ ಜಿಗುಟಾಗಿಯೇ ಇರಲಿ.

ಅರ್ಧ ಗಂಟೆ ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಮಜ್ಜಿಗೆ ತಗುಲಿದ ಕ್ಷಣದಿಂದ ಗುಳ್ಳೆ ಏಳುತ್ತದೆ. ಓವನ್ ಮೊದಲೇ ಕಾದಿರಬೇಕು, ಕಲಸಿದ ಕೈಯಲ್ಲೇ ಒಳಗೆ ಇಡಬೇಕು.

ಪ್ರನಾಳ (ರಾಯಚೂರು)

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಆ ಬ್ರೆಡ್ಡಿನ ತುಂಡು ಇನ್ನೂ ಉಳಿದಿದ್ದರೆ ಒಂದು ಕೆಲಸ ಮಾಡಿ ತಾಯಿ. ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕದಡಿ, ಒಳಗಿನ ಹಳದಿ ಭಾಗಕ್ಕೆ ಸವರಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಕ್ಷಾರ ಎಲ್ಲಿದ್ದರೂ ಅರಿಶಿನ ಅದೇ ರೀತಿ ಬಣ್ಣ ತಿರುಗುತ್ತದೆ. ಕೆಂಪಾದರೆ ನಿಮ್ಮ ಸೋಡಾ ಖರ್ಚಾಗದೆ ಉಳಿದಿದೆ ಎಂದೇ ಅರ್ಥ.

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೋನೇಟ್. ಮಜ್ಜಿಗೆಯ ಹುಳಿ, ಅಂದರೆ ಲ್ಯಾಕ್ಟಿಕ್ ಆಮ್ಲ ಸಿಕ್ಕಿದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ತಾನು ತಣ್ಣಗಾಗುತ್ತದೆ. ಹುಳಿ ಸಾಲದೆ ಉಳಿದ ಸೋಡಾ ಓವನ್ನಿನ ಶಾಖಕ್ಕೆ ಒಡೆದು ಸೋಡಿಯಂ ಕಾರ್ಬೋನೇಟ್ ಆಗುತ್ತದೆ. ಅದು ಯಾವುದು ಗೊತ್ತೇ? ಬಟ್ಟೆ ಒಗೆಯುವ ಸೋಡಾ. ನಿಮ್ಮ ಮಗ ಹೇಳಿದ್ದು ಬರಿಯ ತಮಾಷೆಯಲ್ಲ, ಸರಿಯಾದ ಉತ್ತರ.

ಲೆಕ್ಕ ಇಷ್ಟು: ಚೆನ್ನಾಗಿ ಹುಳಿತ ಮಜ್ಜಿಗೆ ಒಂದು ಬಟ್ಟಲು, ಅಂದರೆ 240 ಮಿಲಿಲೀಟರ್ ಇದ್ದರೆ, ಅದು ಅರ್ಧ ಚಮಚ ಸೋಡಾವನ್ನು ಮಾತ್ರ ಸುಧಾರಿಸಬಲ್ಲದು. ಚಮಚ ಎಂದರೆ 5 ಮಿಲಿಲೀಟರಿನ ಅಳತೆ ಚಮಚ, ಅದೂ ತಲೆ ಸವರಿ ಸಮ ಮಾಡಿದ್ದು. ನೀವು ಹಾಕಿದ್ದು ನಾಲ್ಕು ಪಟ್ಟಿಗಿಂತ ಹೆಚ್ಚು. ಅದರ ಮೇಲೆ ಮೊಸರು ಸಿಹಿ, ನೀರು ಬೇರೆ.

ಕೌಲ್‌ಬಜಾರಿನ ಒಲೆ (ಬಳ್ಳಾರಿ)

ಮೇಷ್ಟ್ರೇ, ಸವರಿದೆ. ಕುಂಕುಮ! ಬ್ರೆಡ್ಡಿನ ಮೇಲೆ ಅಚ್ಚ ಕುಂಕುಮ ಮೂಡಿತು. ಅತ್ತೆಯನ್ನು ಕರೆದು ತೋರಿಸಿದರೆ, ‘ತಿನ್ನಲು ಬಾರದಿದ್ದರೇನು, ಮುತ್ತೈದೆಯರಿಗೆ ಹಚ್ಚಿ ಕಳಿಸು’ ಎಂದರು.

ಕುಷ್ಟಗಿ ಹೊಲದವಳು

ನನ್ನದು ಇದಕ್ಕಿಂತ ವಿಚಿತ್ರ, ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ಸುಮ್ಮನಿದ್ದೆ. ಹೋದ ತಿಂಗಳು ನಾನೂ ಇದನ್ನು ಮಾಡಿದ್ದೆ. ನಮ್ಮ ಹೊಲದಲ್ಲೇ ಸೂರ್ಯಕಾಂತಿ ಇದೆ, ದ್ರಾಕ್ಷಿಯ ಜೊತೆ ಸಿಪ್ಪೆ ತೆಗೆದ ಬೀಜವನ್ನೂ ಒಂದು ಹಿಡಿ ಬೆರೆಸಿದೆ. ಆ ದಿನ ಚೆನ್ನಾಗಿಯೇ ಇತ್ತು. ಮರುದಿನ ಕತ್ತರಿಸಿದರೆ ಪ್ರತಿಯೊಂದು ಬೀಜದ ಸುತ್ತ ಹಸಿರು! ಬೂಷ್ಟು ಎಂದುಕೊಂಡು ಪೂರಾ ಎಮ್ಮೆಗೆ ಹಾಕಿದೆ. ಎಮ್ಮೆಗೆ ಏನೂ ಆಗಲಿಲ್ಲ, ಸದ್ಯ.

ಪ್ರನಾಳ (ರಾಯಚೂರು)

ಎಮ್ಮೆ ಪುಣ್ಯವಂತೆ. ಅದು ಬೂಷ್ಟಲ್ಲ. ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ವಸ್ತುವಿದೆ. ಸುತ್ತಲೂ ಕ್ಷಾರವಿದ್ದರೆ ಅದು ಹಿಟ್ಟಿನ ಪ್ರೋಟೀನಿನೊಂದಿಗೆ ಕೂಡಿ ಹಸಿರಾಗುತ್ತದೆ. ಬಿಸಿಯಲ್ಲಿ ಕಾಣದೆ ಆರಿದ ಮೇಲೆ ಕಾಣಿಸಿಕೊಳ್ಳುವುದೂ ಅದರ ಸ್ವಭಾವವೇ. ತಿಂದರೆ ತೊಂದರೆ ಇಲ್ಲ. ಬೂಷ್ಟು ಮೇಲ್ಮೈಯಲ್ಲಿ ತುಪ್ಪಳದಂತೆ ಬೆಳೆಯುತ್ತದೆ, ವಾಸನೆ ಬರುತ್ತದೆ. ಇದು ಬೀಜದ ಸುತ್ತ ಬಣ್ಣವಾಗಿ ಮಾತ್ರ ಇರುತ್ತದೆ. ನಿಮ್ಮಲ್ಲಿಯೂ ಸೋಡಾ ಹೆಚ್ಚಾಗಿತ್ತು, ರುಚಿಗೆ ಗೊತ್ತಾಗುವಷ್ಟಲ್ಲ, ಬೀಜಕ್ಕೆ ಗೊತ್ತಾಗುವಷ್ಟು. ಸೋಡಾ ಇಳಿಸಿ, ಮಜ್ಜಿಗೆ ಇನ್ನಷ್ಟು ಹುಳಿಯಾಗಲಿ, ಹಸಿರು ತಗ್ಗುತ್ತದೆ.

ಬೆಣ್ಣೆಬಿಸ್ಕತ್ತು (ಗಂಗಾವತಿ)

ನಮ್ಮಲ್ಲಿ ಬಂದು ಹಸಿರು ಬ್ರೆಡ್ ಕೊಡಿ ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆ ಕುಷ್ಟಗಿಗೆ ಕಳಿಸುತ್ತೇನೆ.

ಸಿಂಧನೂರು ಕಾಲುವೆ

ಹುಳಿ ಮಜ್ಜಿಗೆ ಎಂದ ಕೂಡಲೇ ಅಂಗಡಿಯ ಪೊಟ್ಟಣ ತರಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ನಾನು ಹಿಂದೆಮುಂದೆ ಓದದೆ ಎರಡು ಪೊಟ್ಟಣ ಸುರಿದೆ. ಅದು ಮಸಾಲೆ ಮಜ್ಜಿಗೆ. ಸಿಹಿ ದ್ರಾಕ್ಷಿಯ ನಡುವೆ ಹಸಿಮೆಣಸಿನಕಾಯಿ, ಶುಂಠಿ, ಇಂಗು. ಗಂಡ ಮಾತಾಡದೆ ಎರಡು ಹೋಳು ತಿಂದರು, ಮೂರನೆಯದಕ್ಕೆ ಉಪ್ಪಿನಕಾಯಿ ಕೇಳಿದರು.

ಒಂದು ಪ್ರಶ್ನೆ: ಮಜ್ಜಿಗೆ ಇಲ್ಲದಿದ್ದರೆ ಹಾಲಿಗೆ ನಿಂಬೆ ಹಿಂಡಬಹುದೇ? ಬೇಕಿಂಗ್ ಪೌಡರ್ ಆಗುತ್ತದೆಯೇ? ನಮ್ಮ ಪಕ್ಕದ ಮನೆಯವರು ಈನೋ ಎನ್ನುತ್ತಿದ್ದಾರೆ.

ಪ್ರನಾಳ (ರಾಯಚೂರು)

ಹಾಲು-ನಿಂಬೆ ಆಗುತ್ತದೆ. ಒಂದು ಬಟ್ಟಲು ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ ಹತ್ತು ನಿಮಿಷ ಬಿಡಿ, ಒಡೆದ ಹಾಲೇ ಬೇಕು. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೇ ಒಣ ಆಮ್ಲವೂ ಇರುತ್ತದೆ, ಈನೋದಲ್ಲಿ ಸಿಟ್ರಿಕ್ ಆಮ್ಲ ಇರುತ್ತದೆ. ಅವಕ್ಕೆ ಮಜ್ಜಿಗೆಯ ಹಂಗಿಲ್ಲ. ಆದರೆ ಈನೋ ಹೊಟ್ಟೆಗೆ ಮಾಡಿದ್ದು, ಢೋಕ್ಲಾಕ್ಕೆ ಇರಲಿ. ಮಜ್ಜಿಗೆಯ ಹುಳಿ ಹೋದರೆ ಈ ಬ್ರೆಡ್ಡಿನಲ್ಲಿ ಉಳಿಯುವುದು ದ್ರಾಕ್ಷಿ ಮಾತ್ರ.

ಇನ್ನೊಂದು ಮಾತು. ಬೆಣ್ಣೆ ತೆಗೆದ ಮೇಲೆ ಉಳಿಯುತ್ತದಲ್ಲ, ಕಡೆದ ಮಜ್ಜಿಗೆ, ಐರ್ಲೆಂಡಿನ ಹಳ್ಳಿಗಳಲ್ಲಿ ಬಳಸುತ್ತಿದ್ದುದೂ ಅದನ್ನೇ. ಅಲ್ಲಿಗೆ ಅಡುಗೆ ಸೋಡಾ ಬಂದದ್ದು 1830ರ ದಶಕದ ಆಸುಪಾಸಿನಲ್ಲಿ. ಅಲ್ಲಿನ ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೃದು ಜಾತಿಯದು, ಗ್ಲುಟೆನ್ ಕಡಿಮೆ; ಯೀಸ್ಟ್ ಬ್ರೆಡ್ಡಿಗೆ ಒಗ್ಗುತ್ತಿರಲಿಲ್ಲ. ಮನೆಯಲ್ಲಿ ಹಸು, ಹಸುವಿನಿಂದ ಬೆಣ್ಣೆ, ಬೆಣ್ಣೆಯಿಂದ ಮಜ್ಜಿಗೆ. ಸೋಡಾ ಒಂದನ್ನೇ ಕೊಳ್ಳಬೇಕಾಗಿತ್ತು, ಅದೂ ಅಗ್ಗ. ನಮ್ಮ ಗಂಗಾವತಿಯ ಅಣ್ಣನವರು ಬ್ರೆಡ್ ಅಲ್ಲ ಎಂದರೂ ಬಡವರ ಮನೆಯ ದಿನನಿತ್ಯದ ಬ್ರೆಡ್ ಅದೇ ಆಗಿತ್ತು.

ಬೆಣ್ಣೆಬಿಸ್ಕತ್ತು (ಗಂಗಾವತಿ)

ಸರಿ ಸರ್, ಬ್ರೆಡ್ ಎನ್ನೋಣ. ಹಾಗಿದ್ದರೆ ಚಪಾತಿ ಹಿಟ್ಟನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಉಳಿದದ್ದು ಮೈದಾ ಹಾಕಲಿ. ಗಿರಣಿಯಲ್ಲಿ ಬೀಸಿದ ಹಿಟ್ಟು ನೀರನ್ನು ಕುಡಿಯುತ್ತಲೇ ಇರುತ್ತದೆ, ಅದೊಂದರಿಂದಲೇ ಮಾಡಿದರೆ ಒಳಗೆ ಗಂಜಿಯಂತೆ ಅಂಟುತ್ತದೆ. ಮೈದಾ ಎಂದರೆ ಮುಖ ಸಿಂಡರಿಸುವವರು ವಾರಕ್ಕೊಮ್ಮೆ ತಿನ್ನುವುದಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಹಂಚಿನ ರೊಟ್ಟಿ (ಮಾನ್ವಿ)

ಎಲ್ಲರೂ ಒಟಿಜಿ ಇಟ್ಟುಕೊಂಡೇ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಇಲ್ಲ, ತರುವ ಯೋಚನೆಯೂ ಇಲ್ಲ. ಈ ಬ್ರೆಡ್ಡಿಗೆ ಅದು ಬೇಕೇಬೇಕು ಎಂದೂ ಇಲ್ಲ. ಐರ್ಲೆಂಡಿನ ದಕ್ಷಿಣದ ಹಳ್ಳಿಗಳಲ್ಲಿ ಇದನ್ನು ಬ್ಯಾಸ್ಟಿಬಲ್ ಎಂಬ ಬೀಡುಕಬ್ಬಿಣದ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಪಾತ್ರೆಯನ್ನು ಒಲೆಯ ಬೆಂಕಿಯ ಮೇಲೆ ತೂಗುಹಾಕಿ ಮುಚ್ಚಳದ ಮೇಲೂ ಕೆಂಡ ಹರಡುವುದು. ಮುಚ್ಚಳದ ಮೇಲೆ ಕೆಂಡ ಹಾಕುವುದು ನಮಗೇನು ಹೊಸದೇ? ಉತ್ತರದ ಕಡೆಯವರದು ಇನ್ನೂ ಸರಳ, ಅವರು ಹಂಚಿನ ಮೇಲೆಯೇ ಬೇಯಿಸುತ್ತಾರೆ. ದುಂಡಗೆ ತಟ್ಟಿ ನಾಲ್ಕು ಪಾಲು ಮಾಡಿ ಸುಡುತ್ತಾರೆ. ಆ ಒಂದೊಂದು ಪಾಲಿಗೆ ‘ಫಾರ್ಲ್’ ಎಂದು ಹೆಸರು, ಅರ್ಥವೂ ನಾಲ್ಕರಲ್ಲೊಂದು ಎಂದೇ.

ನಾನು ಮಾಡುವುದು ಹೀಗೆ. ಜೋಳದ ರೊಟ್ಟಿ ಸುಡುವ ಕಬ್ಬಿಣದ ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ ಒಣ ಹಿಟ್ಟು ಉದುರಿಸುತ್ತೇನೆ. ಹಿಟ್ಟು ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿದರೆ ಶಾಖ ಸರಿ, ಹೊಗೆ ಎದ್ದರೆ ಹೆಚ್ಚು. ಅರ್ಧ ಇಂಚಿಗಿಂತ ತುಸು ದಪ್ಪಗೆ ತಟ್ಟಿದ ಪಾಲುಗಳನ್ನು ಇಟ್ಟು ಒಂದೊಂದು ಮಗ್ಗುಲನ್ನು ಎಂಟು-ಹತ್ತು ನಿಮಿಷ ಬೇಯಿಸುತ್ತೇನೆ. ಕೊನೆಗೆ ಅಂಚುಗಳನ್ನೂ ನಿಲ್ಲಿಸಿ ಸುಡಬೇಕು, ಅಲ್ಲಿಯೇ ಹಸಿ ಉಳಿಯುವುದು. ದ್ರಾಕ್ಷಿಯನ್ನು ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಇಡಿಯಾಗಿ ಹಾಕಿದರೆ ಹಂಚಿಗೆ ತಾಗಿದವು ಕರಕಲಾಗುತ್ತವೆ. ಇಪ್ಪತ್ತು ನಿಮಿಷದ ಕೆಲಸ. ನಾನ್‌ಸ್ಟಿಕ್ ತವೆಯನ್ನು ಬರಿದಾಗಿ ಅಷ್ಟು ಹೊತ್ತು ಕಾಯಿಸುವುದು ಒಳ್ಳೆಯದಲ್ಲ, ಕಬ್ಬಿಣದ್ದೇ ಇರಲಿ.

ಸಿಂಧನೂರು ಕಾಲುವೆ

ನಾನು ಹಳೆಯ ಕುಕ್ಕರಿನಲ್ಲಿ ಮಾಡುತ್ತೇನೆ. ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದು, ತಳಕ್ಕೆ ಒಂದು ಪದರ ಪುಡಿ ಉಪ್ಪು, ಅದರ ಮೇಲೆ ಒಂದು ಸ್ಟ್ಯಾಂಡ್. ಹತ್ತು ನಿಮಿಷ ಕಾಯಿಸಿ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 50 ನಿಮಿಷ. ಬೇಯುತ್ತದೆ, ಆದರೆ ಮೇಲ್ಭಾಗ ಬಿಳಿಚಿಕೊಂಡಿರುತ್ತದೆ. ದಿನಬಳಕೆಯ ಕುಕ್ಕರನ್ನು ಇದಕ್ಕೆ ಬಲಿ ಕೊಡಬೇಡಿ.

ಕುಷ್ಟಗಿ ಹೊಲದವಳು

ಮಾನ್ವಿ ಅಕ್ಕ, ಹಂಚು ಎಂದ ಮೇಲೆ ಜೋಳದ ಹಿಟ್ಟಿನಲ್ಲಿಯೇ ಮಾಡಬಹುದಲ್ಲವೇ? ಮನೆಯಲ್ಲಿ ಚೀಲಗಟ್ಟಲೆ ಇರುವಾಗ ಮೈದಾ ಏಕೆ?

ಹಂಚಿನ ರೊಟ್ಟಿ (ಮಾನ್ವಿ)

ಮಾಡಿ ನೋಡಿದ್ದೇನೆ ತಂಗಿ, ಎರಡು ಸಲ. ಪೂರಾ ಜೋಳದ್ದು ಹಂಚಿನಿಂದ ಎತ್ತುವಾಗಲೇ ಮರಳಾಯಿತು. ರೊಟ್ಟಿಯ ಹಿಟ್ಟಿಗೆ ಜಿಗಿ ಬರುವುದು ಕುದಿಯುವ ಎಸರಿನಿಂದ. ಇಲ್ಲಿ ಕಲಸುವುದು ತಣ್ಣನೆಯ ಮಜ್ಜಿಗೆಯಲ್ಲಿ, ಜೋಳ ಯಾವುದಕ್ಕೆ ಅಂಟಿಕೊಳ್ಳಬೇಕು? ನಾಲ್ಕರಲ್ಲಿ ಒಂದು ಪಾಲು ಬೆರೆಸಿದರೆ ನಿಲ್ಲುತ್ತದೆ, ಅಂಚು ಗರಿಗರಿಯಾಗಿ ಬರುತ್ತದೆ. ನನಗೆ ಹಾಗೆಯೇ ಇಷ್ಟ.

ಬೆಣ್ಣೆಬಿಸ್ಕತ್ತು (ಗಂಗಾವತಿ)

ಜೋಳ, ಸೂರ್ಯಕಾಂತಿ, ಇಂಗು. ಇನ್ನು ಶೇಂಗಾ ಚಟ್ನಿಪುಡಿ ಒಂದು ಬಾಕಿ.

ಹಂಚಿನ ರೊಟ್ಟಿ (ಮಾನ್ವಿ)

ದ್ರಾಕ್ಷಿ ಇಲ್ಲದ ಫಾರ್ಲ್‌ಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿ ತಿಂದು ನೋಡಿ ಅಣ್ಣ, ಆಮೇಲೆ ನಗಿರಿ.

ಕೌಲ್‌ಬಜಾರಿನ ಒಲೆ (ಬಳ್ಳಾರಿ)

ಎರಡನೆಯ ಪ್ರಯತ್ನದ ವರದಿ. ಈ ಸಲ ಮಜ್ಜಿಗೆಯ ಉಸ್ತುವಾರಿ ಅತ್ತೆಯದು. ಶುಕ್ರವಾರ ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯನ್ನು ಹೊರಗೇ ಇಟ್ಟೆವು. ನಮ್ಮ ಊರಿನ ಬೇಸಿಗೆ ನಿಮಗೆಲ್ಲ ಗೊತ್ತೇ ಇದೆ, ಬೇರೆ ಕಡೆ ಎರಡು ದಿನಕ್ಕೆ ಆಗುವ ಹುಳಿ ಇಲ್ಲಿ ಒಂದು ಹಗಲಿಗೆ ಆಗುತ್ತದೆ. ಶನಿವಾರ ಬೆಳಿಗ್ಗೆ ಅತ್ತೆ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿ ‘ಇನ್ನೂ ಇಲ್ಲ, ಸಂಜೆಗೆ ನೋಡು’ ಎಂದರು. ನಾನು ಬಟ್ಟಲಲ್ಲಿ ಸ್ವಲ್ಪ ತೆಗೆದುಕೊಂಡು ಚಿಟಿಕೆ ಸೋಡಾ ಹಾಕಿ ನೋಡಿದೆ. ಬೆಳಿಗ್ಗೆ ಸುಮ್ಮನೆ ನಾಲ್ಕು ಗುಳ್ಳೆ. ಸಂಜೆ ಅದೇ ಚಿಟಿಕೆಗೆ ನೊರೆ ಉಕ್ಕಿ ಅಂಚಿಗೆ ಬಂತು. ಅತ್ತೆಯ ನಾಲಿಗೆ ಸರಿಯಾಗಿಯೇ ಹೇಳಿತ್ತು.

ಮೈದಾ 200 ಗ್ರಾಂ, ಚಪಾತಿ ಹಿಟ್ಟು 100 ಗ್ರಾಂ, ಸೋಡಾ ಸಮ ಮಾಡಿದ ಅರ್ಧ ಚಮಚ, ಉಪ್ಪು ಅರ್ಧ ಚಮಚ, ಸಕ್ಕರೆ ಎರಡು ದೊಡ್ಡ ಚಮಚ. ಸೋಡಾದ ಗಂಟು ಉಳಿಯಬಾರದೆಂದು ಹಿಟ್ಟಿನ ಜೊತೆ ಎರಡು ಸಲ ಜರಡಿ ಹಿಡಿದೆ. ಮೊದಲ ಸಲದ ಹಳದಿ ಮಚ್ಚೆಗಳಿಗೆ ಅದೂ ಕಾರಣವಿರಬೇಕು. 25 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ, 100 ಗ್ರಾಂ ಹಣ್ಣು ಬೆರೆಸಿದೆ. ನಡುವೆ ಗುಳಿ ಮಾಡಿ ಒಂದು ಬಟ್ಟಲು ಮಜ್ಜಿಗೆ ಸುರಿದು, ಬೆರಳುಗಳನ್ನು ಅಗಲಿಸಿ ಹತ್ತಿಪ್ಪತ್ತು ಸುತ್ತು ತಿರುಗಿಸಿದೆ, ಅಷ್ಟೇ. ಕೈ ನಾದಲು ಹೊರಡುತ್ತಿತ್ತು, ತಡೆದುಕೊಂಡೆ. ಇಪ್ಪತ್ತು ವರ್ಷದ ಚಪಾತಿಯ ಅಭ್ಯಾಸ.

ದುಂಡು ಮಾಡಿ ಮೇಲೆ ಕೂಡಿಸುವ ಚಿಹ್ನೆಯ ಹಾಗೆ ಆಳವಾಗಿ ಗೀರಿದೆ. ಒಳಗಿನ ಯಕ್ಷಿಣಿಗಳು ಹೊರಗೆ ಹೋಗಲಿ ಎಂದು ಹಾಗೆ ಮಾಡುತ್ತಾರೆಂದು ತಮ್ಮ ಹೇಳಿದ್ದ. ದಪ್ಪ ನಡುಭಾಗಕ್ಕೆ ಶಾಖ ಹೋಗುವುದಂತೂ ನಿಜ. ಮೇಲೆ ಕಾಣುತ್ತಿದ್ದ ದ್ರಾಕ್ಷಿಗಳನ್ನೆಲ್ಲ ಒಳಗೆ ಒತ್ತಿದೆ. ಹದಿನೈದು ನಿಮಿಷ ಮುಂಚೆಯೇ ಕಾಯಿಸಿದ ಒಟಿಜಿ, 200 ಡಿಗ್ರಿ, 35 ನಿಮಿಷ. ಕೊನೆಯ ಹತ್ತು ನಿಮಿಷ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದೆ. ತೆಗೆದು ಮಗುಚಿ ತಳಕ್ಕೆ ತಟ್ಟಿದರೆ ಒಳಗೆ ಪೊಳ್ಳಿದ್ದಂತೆ ಡಬಡಬ ಎಂದಿತು. ಅರಿಶಿನ ಸವರಿ ನೋಡಿದೆ ಮೇಷ್ಟ್ರೇ, ಅರಿಶಿನ ಅರಿಶಿನವಾಗಿಯೇ ಉಳಿಯಿತು.

ಪ್ರನಾಳ (ರಾಯಚೂರು)

ಪೂರ್ಣಾಂಕ. ಯಾವ ಹಣ್ಣು ಹಾಕಿದಿರಿ ಎಂದು ಬರೆಯಲಿಲ್ಲ.

ಕೌಲ್‌ಬಜಾರಿನ ಒಲೆ (ಬಳ್ಳಾರಿ)

ಅರ್ಧ ಒಣದ್ರಾಕ್ಷಿ, ಕಾಲು ಭಾಗ ಉತ್ತತ್ತಿ, ಕಾಲು ಭಾಗ ಒಣ ಅಂಜೂರ. ನಮ್ಮ ಜಿಲ್ಲೆಯಲ್ಲಿ ಅಂಜೂರದ ತೋಟಗಳಿರುವಾಗ ಅದನ್ನು ಬಿಡಲು ಮನಸ್ಸಾಗಲಿಲ್ಲ. ಉತ್ತತ್ತಿಯನ್ನು ರಾತ್ರಿಯೇ ನೆನೆಹಾಕಬೇಕು, ಇಲ್ಲದಿದ್ದರೆ ಹಲ್ಲಿಗೆ ಕಲ್ಲು. ನೆನೆದದ್ದನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದೆ, ಹಿಟ್ಟಿನ ಹದ ಕೆಡಬಾರದಲ್ಲ. ಅಂಜೂರದ ಸಣ್ಣ ಬೀಜಗಳು ಕಚಕಚ ಎನ್ನುವುದು ಮಗನಿಗೆ ಬಹಳ ಹಿಡಿಸಿತು. ಟೂಟಿಫ್ರೂಟಿ ಬೇಡ ಎಂದೆ. ಅದು ಸಕ್ಕರೆ ಪಾಕದ ಪಪ್ಪಾಯಿಕಾಯಿ, ಬಣ್ಣವೂ ಹಿಟ್ಟಿಗೆ ಇಳಿಯುತ್ತದೆ.

ಬೆಣ್ಣೆಬಿಸ್ಕತ್ತು (ಗಂಗಾವತಿ)

ಟೂಟಿಫ್ರೂಟಿಯನ್ನು ಬೈಯಬೇಡಿ ಅಕ್ಕ, ನಮ್ಮ ಅಂಗಡಿ ನಡೆಯುವುದೇ ಅದರಿಂದ. ಒಂದು ಸಲಹೆ: ಇದು ಆ ದಿನದ ತಿಂಡಿ. ಕೊಬ್ಬು ಕಡಿಮೆ ಇರುವುದರಿಂದ ಮರುದಿನವೇ ಒಣಗುತ್ತದೆ. ಬಿಸಿ ಇರುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿದರೆ ಮೇಲಿನ ಪದರ ಮೆತ್ತಗಿರುತ್ತದೆ. ಉಳಿದದ್ದನ್ನು ಮರುದಿನ ಹಂಚಿನ ಮೇಲೆ ಬೆಣ್ಣೆ ಹಾಕಿ ಸುಡಿ.

ಗಿಣಿಗೇರಾ ಪ್ಯಾಸೆಂಜರ್ (ಕೊಪ್ಪಳ)

ಅಷ್ಟೂ ಓದಿ ನಿನ್ನೆ ಮಾಡಿದೆ. ನಾನು ಒಂಟಿ, ಓವನ್ ಇಲ್ಲ, ಸಿಂಧನೂರಿನವರ ಕುಕ್ಕರ್ ವಿಧಾನ. ಬಿಳಿಚಿಕೊಂಡಿತು ನಿಜ, ರುಚಿ ಚೆನ್ನಾಗಿದೆ. ಒಂದು ಕೇಳಬೇಕು, ಆ ರೈಲ್ವೆ ಕೇಕ್ ಎಂಬ ಹೆಸರು ಏಕೆ?

ಕೌಲ್‌ಬಜಾರಿನ ಒಲೆ (ಬಳ್ಳಾರಿ)

ತಮ್ಮನನ್ನು ಕೇಳಿದೆ. ದ್ರಾಕ್ಷಿ ದುಬಾರಿಯಾಗಿದ್ದ ಕಾಲದಲ್ಲಿ ಬಾಯಿಗೆ ಅಪರೂಪಕ್ಕೊಂದು ಸಿಗುತ್ತಿತ್ತಂತೆ. ಸ್ಟೇಷನ್ನಿಗೆ ಒಂದು ದ್ರಾಕ್ಷಿ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರಂತೆ. ಅತ್ತೆ ಈ ಹೆಸರಿಗೆ ಒಪ್ಪಿದ್ದಾರೆ. ಈಗ ಎರಡು ಹೋಳು ತಿನ್ನುತ್ತಾರೆ, ಚಹಾದ ಜೊತೆ.

ಗಿಣಿಗೇರಾ ಪ್ಯಾಸೆಂಜರ್ (ಕೊಪ್ಪಳ)

ಹಾಗಾದರೆ ನನ್ನ ಹೋಳನ್ನು ಲೆಕ್ಕ ಹಾಕಿ ಹೇಳುತ್ತೇನೆ. ಬಳ್ಳಾರಿಯಿಂದ ಹೊರಟೆ. ಕುಡತಿನಿ ಬಂತು, ದರೋಜಿ ಬಂತು, ತೋರಣಗಲ್ಲು ಬಂತು. ಹೊಸಪೇಟೆಯಲ್ಲಿ ಮಾತ್ರ ಐದು ದ್ರಾಕ್ಷಿ ಒಟ್ಟಿಗೆ ಮುದ್ದೆಯಾಗಿ ಕೂತಿದ್ದವು, ಅಲ್ಲಿಂದ ಮುಂದೆ ಮುನಿರಾಬಾದಿಗೂ ಗಿಣಿಗೇರಾಕ್ಕೂ ಒಂದೂ ಉಳಿದಿರಲಿಲ್ಲ. ದ್ರಾಕ್ಷಿಯನ್ನು ಬಿಡಿಸಿ ಹಿಟ್ಟಿನಲ್ಲಿ ಹೊರಳಿಸಿ ಹಾಕಬೇಕಿತ್ತೇ?

ಹಂಚಿನ ರೊಟ್ಟಿ (ಮಾನ್ವಿ)

ಮಜ್ಜಿಗೆ ಸುರಿಯುವ ಮೊದಲೇ ಒಣ ಹಿಟ್ಟಿನಲ್ಲಿ ಹಾಕಿ ಬೆರಳಿನಿಂದ ಬಿಡಿಸು ತಮ್ಮ. ಮಜ್ಜಿಗೆ ಬಿದ್ದ ಮೇಲೆ ಬಿಡಿಸಲು ಹೋದರೆ ಮತ್ತೆ ನಾದಿದ ಹಾಗಾಗುತ್ತದೆ.

ಗಿಣಿಗೇರಾ ಪ್ಯಾಸೆಂಜರ್ (ಕೊಪ್ಪಳ)

ಆಗಲಿ ಅಕ್ಕ. ಅರ್ಧ ಬಟ್ಟಲು ಹುಳಿ ಮಜ್ಜಿಗೆ ಉಳಿದಿದೆ. ಕಾಲು ಚಮಚ ಸೋಡಾ, ಅಲ್ಲವೇ ಮೇಷ್ಟ್ರೇ?

ಪ್ರನಾಳ (ರಾಯಚೂರು)

ಕಾಲು ಚಮಚ. ಸಮ ಮಾಡಿ.